ಚೆನ್ನಾಗಿ ಮಾತಾಡಿದವಳು

"ಮಗ್ಗಿ ಒಪ್ಪಿಸೋ ಹಾಗೆ ಹೇಳ್ಬೇಡ ಕಣೇ! 'ಎಂಥಾ ಮಳೆ ಅಲ್ವಾ' ಅಂದ್ಮೇಲೆ ಒಂಚೂರು ನಗು," ಎಂದಳು ಮೇವಿಸ್.

ಟ್ಯಾಮ್ಸಿನ್ ನಕ್ಕಳು. ಗ್ರಿಮ್ಸ್‌ಬಿ ಊರಿನ ಆ ಇಕ್ಕಟ್ಟಾದ ಅಡುಗೆಮನೆಯಲ್ಲಿ ವಾರದಿಂದ ಇದೇ ತಾಲೀಮು. ಟ್ಯಾಮ್ಸಿನ್ ಮಕ್ಕಳ ಪುಸ್ತಕಗಳಿಗೆ ಹಕ್ಕಿಗಳ ಚಿತ್ರ ಬರೆಯುವವಳು. ಫೋನು ಬಡಿದುಕೊಂಡರೆ ಮಾತ್ರ ಮೇಜಿನ ಕೆಳಗೆ ಸೇರಿಬಿಡುವಳು. ಆಟಿಸಂ ಇದ್ದೂ ಸ್ವಂತ ಕೆಲಸ ಮಾಡಿಕೊಂಡಿರುವವರಿಗೆ ಸರ್ಕಾರ ಸಹಾಯಕರನ್ನು ಕೊಡುತ್ತದೆ. ಹಾಗೆ ಬಂದವಳು ಮೇವಿಸ್. ಪ್ರಕಾಶಕರ ಫೋನು ಎತ್ತುವುದು, ಕೆಲಸ ಒಪ್ಪಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಉಣ್ಣಿಸುವುದು ಎಲ್ಲ ಅವಳ ಪಾಲಿನದು. ಅವಳಿಲ್ಲದ ಕಾಲದಲ್ಲಿ ಕೆಲಸವೆಲ್ಲ ಕಂಡವರ ಪಾಲಾಗಿ, ಟ್ಯಾಮ್ಸಿನ್ ಒಣ ಬ್ರೆಡ್ಡು ತಿಂದುಕೊಂಡಿದ್ದಳು.

ಈ ಸಹಾಯ ಇನ್ನೂ ಬೇಕೋ ಬೇಡವೋ ಎಂದು ಇಲಾಖೆಯವರು ಇವತ್ತು ಫೋನಿನಲ್ಲಿ ವಿಚಾರಿಸುವವರಿದ್ದರು. ಕಳೆದ ಸಲ ಟ್ಯಾಮ್ಸಿನ್ ತೊದಲಿ, ಅತ್ತು, ಫೋನನ್ನೇ ಎಸೆದಿದ್ದಳು. ಸಹಾಯವೇನೋ ಮಂಜೂರಾಯಿತು, ಆದರೆ ಹುಡುಗಿಯ ಮಾನ ಹೋಯಿತೆಂದು ಮೇವಿಸ್‌ಗೆ ಕರುಳು ಚುರ್ ಎಂದಿತ್ತು. ಈ ಸಲ ಹಾಗಾಗಕೂಡದು.

"ಕಣ್ಣು ಮುಚ್ಕೊಂಡು ಮಾತಾಡು. ಅವರು ಏನಂದ್ರೂ ಹೂಂ ಅನ್ನು. ಜಗಳಕ್ಕೆ ಹೋಗ್ಬೇಡ."

ಫೋನು ಬಂತು. ಇಬ್ಬರಿಗೂ ಕೇಳಲೆಂದು ಮೇವಿಸ್ ಸ್ಪೀಕರ್ ಒತ್ತಿದಳು. ಪಕ್ಕದಲ್ಲಿದ್ದವರು ಬಾಯಿ ಹಾಕಬಾರದು ಎಂದು ಅಧಿಕಾರಿ ಮೊದಲೇ ತಾಕೀತು ಮಾಡಿದ. ಟ್ಯಾಮ್ಸಿನ್ ಕಣ್ಣು ಮುಚ್ಚಿದಳು.

"ನಮಸ್ಕಾರ, ನಾನು ಟ್ಯಾಮ್ಸಿನ್. ಚೆನ್ನಾಗಿದ್ದೀರಾ? ಎಂಥಾ ಮಳೆ ಅಲ್ವಾ!" ನಕ್ಕಳು. ಆತನೂ ನಕ್ಕ. ಮೇವಿಸ್ ಹೆಮ್ಮೆಯಿಂದ ಬೀಗಿದಳು.

"ಭೇಷ್! ಎಷ್ಟು ಸಲೀಸಾಗಿ ಮಾತಾಡ್ತೀರಿ. ಫೋನೆಲ್ಲಾ ಈಗ ನೀವೇ ನೋಡ್ಕೋಬಹುದಲ್ಲ?"

"ಹೂಂ."

"ಸಹಾಯಕಿ ಇಲ್ದೇನೂ ನಡೆಯುತ್ತೆ?"

ಮೇವಿಸ್ ದಡಕ್ಕನೆ ಎದ್ದು ಎರಡೂ ಕೈ ಬೀಸಿದಳು. ಕಣ್ಣು ಮುಚ್ಚಿದವಳಿಗೆ ಎಲ್ಲಿ ಕಾಣಬೇಕು? ಭುಜ ಹಿಡಿದು ಅಲುಗಿಸಲು ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ಮುಟ್ಟಿದರೆ ಕಿರುಚುತ್ತಾಳೆ, ಪಾಪ. ಕಿರುಚಿದ್ದರೆ ಸರ್ಕಾರಕ್ಕೆ ಅರ್ಥವಾಗುತ್ತಿತ್ತು.

"ಹೂಂ," ಎಂದಳು ಟ್ಯಾಮ್ಸಿನ್, ಇಂಪಾಗಿ.

"ಹಾಗಾದ್ರೆ ಇವತ್ತಿಗೇ ನಿಲ್ಲಿಸ್ತೀನಿ. ಒಳ್ಳೇದಾಗ್ಲಿ."

ಟ್ಯಾಮ್ಸಿನ್ ಕಣ್ಣು ತೆರೆದಳು. ಮುಖ ಅರಳಿತ್ತು. "ಎಲ್ಲೂ ತಪ್ಪಲಿಲ್ಲ ಅಲ್ವಾ ಮೇವಿಸ್?"

ಮೇವಿಸ್‌ಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. "ಇಲ್ಲ ಕಣೇ. ಒಂದೂ ತಪ್ಪಲಿಲ್ಲ."

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಪ್ರಕಾಶಕರದು. ಅಭ್ಯಾಸಬಲದಿಂದ ಮುಂದೆ ಹೋದ ಮೇವಿಸ್‌ಳ ಕೈಗಿಂತ ಮೊದಲು ಟ್ಯಾಮ್ಸಿನ್ ಅದನ್ನು ಎತ್ತಿಕೊಂಡಳು.

"ಇದೂ ನಾನೇ!"

"ಟ್ಯಾಮ್ಸಿನ್, ಗೂಬೆ ಚಿತ್ರ ಇನ್ನೂ ಬಂದಿಲ್ಲವಲ್ಲ, ಎಲ್ಲಿದೆ?" ಎಂದಿತು ಆ ಕಡೆಯ ದನಿ.

ಟ್ಯಾಮ್ಸಿನ್ ಕಣ್ಣು ಮುಚ್ಚಿದಳು. "ನಮಸ್ಕಾರ, ನಾನು ಟ್ಯಾಮ್ಸಿನ್. ಚೆನ್ನಾಗಿದ್ದೀರಾ? ಎಂಥಾ ಮಳೆ ಅಲ್ವಾ!"

"ಏನು? ನಾನು ಕೇಳಿದ್ದು ಗೂಬೆ..."

ಹೇಳಿಕೊಟ್ಟಲ್ಲೇ, ಹೇಳಿಕೊಟ್ಟಷ್ಟೇ, ಅವಳು ನಕ್ಕಳು.