ದವಡೆಯ ಅಳತೆ

ಬ್ಯಾನರಿನ ಎರಡನೆಯ ತುದಿಯ ಹಗ್ಗ ಬಿಗಿಯುವುದಕ್ಕೂ ಅವಳು ವಸ್ತುಸಂಗ್ರಹಾಲಯದ ಗೇಟು ದಾಟುವುದಕ್ಕೂ ಸರಿಹೋಯಿತು. ‘ಜಗತ್ತಿನ ಅತಿ ದೊಡ್ಡ ಕಡಲ ಡೈನೋಸಾರ್! ಉದ್ದ ಇಪ್ಪತ್ತೈದು ಮೀಟರ್!’ ಎಂದು ಕೆಂಪು ಅಕ್ಷರ. ಅದರ ಕೆಳಗೆ ‘ಸಂಶೋಧನೆ’ ಎಂದು ಅವಳ ಹೆಸರು. ಮೆಟ್ಟಿಲು ಹತ್ತುವಷ್ಟರಲ್ಲಿ ಸಿಟ್ಟು ಅವಳಿಗಿಂತ ಮೊದಲೇ ನೆತ್ತಿ ತಲುಪಿತ್ತು.

ಅಲ್ಲಿ ಎಲ್ಲರಿಗೂ ಅವಳು ‘ಮೂಳೆ ಮೇಡಂ’. ಕಡಲ ದಂಡೆಯ ಬಂಡೆಯಿಂದ ಬಿಡಿಸಿ ತಂದ ಒಂದು ಕೆಳದವಡೆಯ ಮುಂದೆ ವರ್ಷಗಟ್ಟಲೆ ಕೂತು, ಸೂಜಿಯಿಂದ ಕಲ್ಲು ಕೆದಕಿ, ಚೂರಿಗೆ ಚೂರು ಅಂಟಿಸಿ ಅದಕ್ಕೊಂದು ರೂಪ ಕೊಟ್ಟವಳು. ಪ್ರಾಣಿಯ ಉಳಿದ ಭಾಗವನ್ನು ಕಡಲು ಯಾವಾಗಲೋ ತಿಂದುಹಾಕಿತ್ತು. ಸಂಗ್ರಹಾಲಯದ ನಿರ್ದೇಶಕರು ಅವಳ ಅಕ್ಕನ ಗಂಡ. ಅವಳಿದ್ದದ್ದೂ ಅವರ ಮನೆಯಲ್ಲೇ, ಮಹಡಿಯ ಕೋಣೆಯಲ್ಲಿ.

ಭಾವ ತಮ್ಮ ಕಚೇರಿಯಲ್ಲಿ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದರು.

“ಭಾವ, ಅದನ್ನ ಇಳಿಸೋಕೆ ಹೇಳಿ.”

“ಏನಾಯ್ತಮ್ಮಾ?”

“ಏನಾಗ್ಬೇಕಿತ್ತು? ಅದು ಡೈನೋಸಾರೇ ಅಲ್ಲ. ಇಕ್ತಿಯೋಸಾರ್. ನೋಡೋಕೆ ಮೀನಿನ ಹಾಗಿರೋ ಸರೀಸೃಪ, ಅದರ ವಂಶಾನೇ ಬೇರೆ. ಅದನ್ನೂ ‘ಇರಬಹುದು’ ಅಂತ ಬರೆದಿದ್ದೆ ನಾನು.”

“ಜನಕ್ಕೆ ಎಲ್ಲಾ ಒಂದೇ. ಇಕ್ತಿ ಗಿಕ್ತಿ ಅಂದ್ರೆ ಯಾರು ಬರ್ತಾರೆ?”

“ಮತ್ತೆ ಇಪ್ಪತ್ತೈದು ಮೀಟರ್?”

“ಅದು ನೀನೇ ಕೊಟ್ಟ ಅಂಕಿ.”

ಅವಳ ಮೈ ಉರಿದದ್ದು ಈ ಮಾತಿಗೇ. ಅಂಕಿ ಅವಳದೇ, ನಿಜ. ‘ಹದಿನೈದರಿಂದ ಇಪ್ಪತ್ತೈದು ಮೀಟರಿನೊಳಗೆ’ ಎಂದು ಬರೆದಿದ್ದಳು. ಪೂರ್ತಿ ಅಸ್ಥಿಪಂಜರ ಸಿಕ್ಕಿರುವ ಒಂದು ಜಾತಿಯ ದವಡೆಯ ಪಕ್ಕ ಇದನ್ನಿಟ್ಟು, ದವಡೆ ಎಷ್ಟು ಪಟ್ಟು ದೊಡ್ಡದೋ ಮೈಯೂ ಅಷ್ಟೇ ಪಟ್ಟು ಎಂದುಕೊಂಡರೆ ಒಂದು ಉತ್ತರ. ಇನ್ನೊಂದು ಜಾತಿಯ ಪಕ್ಕ ಇಟ್ಟರೆ ಇನ್ನೊಂದು. ತಲೆ ದೊಡ್ಡದಿದ್ದ ಮಾತ್ರಕ್ಕೆ ಮಿಕ್ಕದ್ದೂ ದೊಡ್ಡದಿರಬೇಕೆಂದಿಲ್ಲ. ಅದಕ್ಕೆ ಸಾಕ್ಷಿ ಹುಡುಕಿ ಕಡಲಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ, ಎದುರಿಗೇ ಟೈ ಕಟ್ಟಿಕೊಂಡು ನಿಂತಿತ್ತು.

“ಅರ್ಧ ವಾಕ್ಯ ನುಂಗಿಬಿಟ್ಟಿದ್ದೀರಿ.”

“ಹದಿನೈದೋ ಇಪ್ಪತ್ತೈದೋ ಅಂದ್ರೆ ತರಕಾರಿ ಚೌಕಾಸಿ ಥರ ಕೇಳುತ್ತೆ. ಸತ್ತು ಇಪ್ಪತ್ತು ಕೋಟಿ ವರ್ಷ ಆಗಿದೆ, ಅದೇನು ಎದ್ದು ಬಂದು ತಕರಾರು ಮಾಡುತ್ತಾ?” ತಮ್ಮ ಮಾತಿಗೆ ತಾವೇ ನಕ್ಕರು. “ಇನ್ನೇನು ಉದ್ಘಾಟನೆ ಶುರುವಾಗುತ್ತೆ, ವೇದಿಕೆ ಮೇಲೆ ಎರಡು ಮಾತಾಡು. ಸ್ವಲ್ಪ ಮುಖ ಸಡಿಲ ಮಾಡ್ಕೊಂಡು.”

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಅಕ್ಕ, ಎತ್ತರದ ಹಿಮ್ಮಡಿಯ ಹೊಸ ಚಪ್ಪಲಿ ಹಾಕಿಕೊಂಡು, ಗಂಡನ ಒಂದೊಂದು ಮಾತಿಗೂ ತಲೆದೂಗುತ್ತಿದ್ದಳು. “ನಮ್ಮ ಮನೆ ಹುಡುಗಿ,” ಎಂದು ಭಾವ ಮೈಕು ಅವಳ ಕೈಗಿತ್ತರು.

“ಹೊರಗೆ ಬರೆದಿರೋದು ಸುಳ್ಳು,” ಎಂದಳು ಅವಳು. “ಇದು ಡೈನೋಸಾರ್ ಅಲ್ಲ. ಇಪ್ಪತ್ತೈದು ಮೀಟರೇ ಅಂತ ನಾನು ಹೇಳಿಲ್ಲ. ಹದಿನೈದೂ ಇರಬಹುದು. ನಮ್ಮ ಹತ್ರ ಇರೋದು ಒಂದು ದವಡೆ, ಅದೂ ಪೂರ್ತಿ ಇಲ್ಲ. ಇದರ ಬಾಲ ನಾನು ನೋಡಿಲ್ಲ. ನಿರ್ದೇಶಕರೂ ನೋಡಿಲ್ಲ.”

ಯಾರೋ ಕಿಸಕ್ಕೆಂದರು. ಭಾವನ ಮುಖದಲ್ಲಿ ನಗು ಹಾಗೇ ಅಂಟಿಕೊಂಡಿತ್ತು, ತೆಗೆಯಲು ಮರೆತ ಹಾಗೆ. ಹಿಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದರು. “ಹಾಗಾದ್ರೆ ನಮ್ಮನ್ನ ಕರೆದದ್ದು ಯಾಕಮ್ಮಾ?”

“ಇರೋದನ್ನ ತೋರಿಸೋಕೆ.”

“ಅಷ್ಟೇನಾ?”

“ಅಷ್ಟೇ.”

ಮುದುಕರು ಕೊಡೆ ಎತ್ತಿಕೊಂಡು ಹೊರಟರು. ಅವರ ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ಚಪ್ಪಾಳೆ ಬೇಡ, ಯಾರಾದರೂ ಒಬ್ಬರು ಬೈದಿದ್ದರೂ ಆಗುತ್ತಿತ್ತು. ಜನ ಸುಮ್ಮನೆ ಚಹಾದ ಕಡೆ ನಡೆದರು. ಇದಕ್ಕೂ ಅವಳಿಗೆ ಭಾವನ ಮೇಲೆಯೇ ಸಿಟ್ಟು ಬಂತು.

ಮನೆಗೆ ಹೋಗಲು ಇದ್ದದ್ದು ಒಂದೇ ಕಾರು. ಅರ್ಧ ದಾರಿಯಲ್ಲಿ ಅಕ್ಕ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದಳು.

“ನೀನು ಹೇಳಿದ್ದು ಸರಿನೇ ಇರಬಹುದು ಕಣೇ. ಅದನ್ನ ಮನೇಲಿ ಹೇಳೋಕೆ ಏನಾಗಿತ್ತು?”

“ಸುಳ್ಳನ್ನ ಮನೇಲಿ ತೂಗು ಹಾಕಿದ್ರಾ ಅಕ್ಕ?”

“ಅವರ ಮಾನ ಅಂತ ಒಂದಿಲ್ವಾ?”

“ನನಗಿಲ್ವಾ? ಅದರ ಕೆಳಗಿದ್ದದ್ದು ಯಾರ ಹೆಸರು?”

ಭಾವ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. “ಇಳಿ,” ಎಂದರು, ಹಿಂತಿರುಗಿ ನೋಡದೆ. “ನಾಳೆಯಿಂದ ಆ ಮೂಳೆ ಕೋಣೆಗೆ ಕಾಲಿಡಬೇಡ. ಆ ದವಡೆ ಮುಟ್ಟಬೇಡ.”

“ರೀ...” ಎಂದಳು ಅಕ್ಕ.

ಅವಳು ಇಳಿದಳು. ಕಿಟಕಿಗೆ ಬಗ್ಗಿ, “ದವಡೆ ನೀವೇ ಇಟ್ಕೊಳ್ಳಿ. ನನ್ನ ಹೆಸರು ಮಾತ್ರ ಇಳಿಸಿ,” ಎಂದಳು. ತೆರೆದೇ ಇದ್ದ ಬಾಗಿಲನ್ನು ಬಲವಾಗಿ ಬಡಿದಳು.

ಕಾರು ಹೊರಟಿತು. ಮುಂದಿನ ತಿರುವಿನಲ್ಲಿ ಗಕ್ಕನೆ ನಿಂತಿತು. ಒಳಗಿನಿಂದ ಜೋರು ಮಾತು ಕೇಳಿಸಿತು, ಬಾಗಿಲು ತೆರೆಯಿತು. ಅಕ್ಕ ಇಳಿದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಇವಳ ಕಡೆ ನೋಡದೆ ಮನೆಯ ದಿಕ್ಕಿಗೆ ಬಿರಬಿರನೆ ನಡೆಯತೊಡಗಿದಳು. ಕಾರು ಅವಳ ಪಕ್ಕದಲ್ಲಿ ಸ್ವಲ್ಪ ದೂರ ತೆವಳಿ, ಆಮೇಲೆ ವೇಗ ಹೆಚ್ಚಿಸಿಕೊಂಡು ಹೋಯಿತು.

“ಅಕ್ಕ,” ಎಂದು ಕೂಗಿದಳು. ಅಕ್ಕನ ನಡಿಗೆ ಇನ್ನಷ್ಟು ಬಿರುಸಾಯಿತು. ಇವಳೂ ಹಲ್ಲು ಕಚ್ಚಿಕೊಂಡು ಹಿಂದೆ ನಡೆದಳು.

ಅಡ್ಡರಸ್ತೆಯ ಬಳಿ ಅಕ್ಕ ನಿಂತಳು. ಲಾರಿಯೊಂದು ಹಾದುಹೋಯಿತು, ಅದರ ಹಿಂದೆ ಎರಡು ಸೈಕಲ್ಲುಗಳು. ರಸ್ತೆ ಈ ತುದಿಯಿಂದ ಆ ತುದಿಯವರೆಗೆ ಖಾಲಿಯಾಯಿತು. ಅಕ್ಕ ಬರಿಗಾಲಿನಲ್ಲಿ, ಇವಳಿಗೆ ಬೆನ್ನು ಹಾಕಿಕೊಂಡು, ರಸ್ತೆ ದಾಟದೆ ಅಲ್ಲೇ ನಿಂತಿದ್ದಳು.