ನಾಳಿಂದ ಬರಬ್ಯಾಡ

ನನಗೆ ಶರಣೆ ನೀಲಾಂಬಿಕೆಯ ಹೆಸರಿಟ್ಟಿದ್ದೇ ದಂಡ, ನನ್ನ ಬಾಯಿ ಒಳ್ಳೆಯದಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದೆ ಖಾನಾವಳಿ ನಡೆಸುವವಳ ಬಾಯಿ ಸಕ್ಕರೆಯಾಗಿದ್ದರೆ ಸೌದೆಯವನು ಹಸಿ ಸೌದೆ ತಂದು ಹಾಕುತ್ತಾನೆ, ಹಾಲಿನವನು ನೀರು ಮಾರುತ್ತಾನೆ. ಅದಕ್ಕೇ ಬೈಯುತ್ತೇನೆ. ಎಲ್ಲರಿಗಿಂತ ಹೆಚ್ಚು ಬೈದಿರುವುದು ಲೋಕಮ್ಮನನ್ನು. ಖಾನಾವಳಿಯ ಬಾಗಿಲು ತೆಗೆದ ದಿನದಿಂದ ರೊಟ್ಟಿ ಬಡಿಯುತ್ತಿರುವವಳು ಅವಳೇ. ನನಗಿಂತ ತುಸು ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕೆರೆ ಏರಿಯ ಕೆಳಗಿನ ಓಣಿಯಲ್ಲಿ ಒಬ್ಬಳೇ ಇದ್ದಾಳೆ.

ನಮ್ಮಿಬ್ಬರದೂ ಒಂದು ಪದ್ಧತಿ. ದಿನಾ ಒಲೆ ಆರಿಸುವ ಹೊತ್ತಿಗೆ ನಾನು ಏನಾದರೊಂದು ತಪ್ಪು ಹುಡುಕುತ್ತೇನೆ.

"ಹಿಟ್ಟೆಲ್ಲ ನೆಲದ ಪಾಲು ಮಾಡಿದ್ಯಲ್ಲೇ, ನಿಮ್ಮಪ್ಪನ ಮನಿ ಗಂಟೇನು? ನಾಳಿಂದ ಬರಬ್ಯಾಡ ಹೋಗು!"

ಅವಳು ಸೆರಗು ಕೊಡವಿ, "ಆತು ಬಿಡು ನೀಲವ್ವ, ಬೆಳಿಗ್ಗೆ ಬರ್ತೀನಿ" ಎನ್ನುತ್ತಾಳೆ. ಹೊಸ ಗಿರಾಕಿಗಳು ಗಾಬರಿಯಾಗುತ್ತಾರೆ, ಹಳಬರು ನಗುತ್ತಾರೆ.

ಊರಿಗೆ ಕೇಬಲ್ ಟೀವಿ ಬಂದ ವರ್ಷ ಲೋಕಮ್ಮನ ಕಣ್ಣಿಗೆ ಪೊರೆ ಬಂತು. ಮೊದಮೊದಲು ರೊಟ್ಟಿಯ ಅಂಚು ಕಪ್ಪಾಯಿತು, ಆಮೇಲೆ ನಡುವೆಯೂ. ಸೊರಬದ ಬಸ್ ಓಡಿಸುವ ಗುತ್ಯಪ್ಪ ತಟ್ಟೆ ಎತ್ತಿ ತೋರಿಸಿ, "ಏನ್ರೀ ನೀಲಮ್ಮಾರೇ, ಇದು ರೊಟ್ಟಿನೋ ಬಸ್ಸಿನ ಟೈರೋ?" ಎಂದ. ಎಲ್ಲರೂ ನಕ್ಕರು. "ಟೈರು ತಿಂದು ಗಟ್ಟಿಯಾಗ್ರಿ" ಎಂದು ನಾನೂ ನಕ್ಕೆ. ಒಳಗೆ ಹೋಗಿ ನೋಡಿದರೆ ಲೋಕಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದ ತಡವಿ ತಡವಿ ತಿರುವುತ್ತಿದ್ದಳು. ಬೆರಳ ತುದಿಯೆಲ್ಲ ಬೊಬ್ಬೆ.

"ಆಪ್ರೇಶನ್ ಮಾಡಿಸ್ತೀನಿ ಬಾರೇ" ಎಂದೆ.

"ಕಣ್ಣಿಗೆ ಕತ್ತರಿ ಹಾಕಿಸ್ಕಂಡು ಯಾರ ಮಕ ನೋಡ್ಬೇಕಾಗೈತಿ ನಾನು? ನಿಂದಾ?" ಎಂದಳು.

ನಮ್ಮದು ಮಧ್ಯಾಹ್ನದ ಊಟ ಮಾತ್ರ, ಇಬ್ಬರನ್ನು ಇಟ್ಟುಕೊಳ್ಳುವಷ್ಟು ವ್ಯಾಪಾರವಿಲ್ಲ. ಅವಳೇ ಇದ್ದರೆ ಗಿರಾಕಿಗಳೂ ಹೋಗುತ್ತಾರೆ, ಅವಳ ಕೈಯೂ ಹೋಗುತ್ತದೆ. ಕೆಲಸ ಬಿಡಿಸಿದರೆ ಮನೆಯಲ್ಲಿ ಗೋಡೆಗೆ ಮುಖ ಹಾಕಿ ಕೂರಬೇಕು. ಎಷ್ಟೋ ದಿನ ಒದ್ದಾಡಿದೆ. ಕೊನೆಗೆ ಗುತ್ಯಪ್ಪ ಹೇಳಿದ ಶಾಲಿನಿಯನ್ನು ಗೊತ್ತು ಮಾಡಿದೆ. ಸೊರಬದ ಕಡೆಯ ಹೊಸಬಾಳೆ ಊರಿನ ಹುಡುಗಿ, ಇಲ್ಲಿಗೆ ಮದುವೆಯಾಗಿ ಬಂದು ಅತ್ತೆಯ ಹತ್ತಿರ ಜೋಳದ ರೊಟ್ಟಿ ಕಲಿತವಳು.

ಲೋಕಮ್ಮನಿಗೆ ಹೇಳುವುದು ಹೇಗೆ? ಇಷ್ಟು ವರ್ಷ ಬೈದ ಬಾಯಿ, ಕಳಿಸುವಾಗಲಾದರೂ ಮರ್ಯಾದೆಯಿಂದ ಕಳಿಸಲಿ ಅಂದುಕೊಂಡೆ. ಗಿರಾಕಿಗಳೆಲ್ಲ ಹೋದ ಮೇಲೆ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಅವಳು ಎಂದೂ ಅಲ್ಲಿ ಕೂತವಳಲ್ಲ. ನಾವಿಬ್ಬರೂ ಒಲೆಯ ಮುಂದೆ ಮಣೆ ಹಾಕಿಕೊಂಡು ಉಣ್ಣುವವರು. ಬಾಳೆ ಎಲೆ ಹಾಕಿ, ಶೇಂಗಾ ಹೋಳಿಗೆ ಬಡಿಸಿ, ತುಪ್ಪ ಸುರಿದೆ.

ಲೋಕಮ್ಮ ಎಲೆಯನ್ನು ಕೈಯಲ್ಲಿ ಸವರಿ ನೋಡಿದಳು.

"ನೀಲವ್ವ, ಇವತ್ತು ಹಿಟ್ಟು ಬಾಳ ಚೆಲ್ಲೀನಿ."

"ಚೆಲ್ಲಲಿ ಬಿಡವ್ವ, ಏನಾತು."

"ರೊಟ್ಟಿ ಸೀದವು."

"ಇರಲಿ ಬಿಡು. ನಿಧಾನಕ್ಕೆ ಉಣ್ಣು."

ಎಲೆ ಸವರುತ್ತಿದ್ದ ಅವಳ ಕೈ ನಿಂತಿತು. "ಬೈಯಾಕೂ ಒಲ್ಲಿ. ನೆಂಟರನ್ನ ಕಳಸಿದಂಗೆ ಕಳಸಾಕ್ಹತ್ತೀಯಲ್ಲ" ಎಂದಳು.

ಶಾಲಿನಿಯ ವಿಷಯ ಹೇಳಿದೆ. ಲೋಕಮ್ಮ ಹೋಳಿಗೆ ಮುಟ್ಟಲಿಲ್ಲ. ಎದ್ದು ಕೈ ತೊಳೆದು, ಹಂಚು ಒರೆಸುವ ಬಟ್ಟೆಯನ್ನು ಗೂಟಕ್ಕೆ ನೇತುಹಾಕಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಬೆಳಿಗ್ಗೆ ಬರ್ತೀನಿ ಎನ್ನಲಿಲ್ಲ.

ಮರುದಿನ ಶಾಲಿನಿ ಬಂದಳು. ರೊಟ್ಟಿ ತೆಳ್ಳಗೆ, ದುಂಡಗೆ ಬಂತು. ಗುತ್ಯಪ್ಪ ಹೊಟ್ಟೆ ಸವರಿಕೊಂಡು ಎದ್ದ. ನಾನು ಮಾತ್ರ ನನ್ನ ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ. ಜನ ಕರಗಿದ ಮೇಲೆ ಶಾಲಿನಿ ಬೆವರು ಒರೆಸಿಕೊಳ್ಳುತ್ತಾ, "ಅಕ್ಕಾ, ಹಿಟ್ಟು ನಾದಿ ಕೊಡಕ್ಕೆ ಇನ್ನೊಬ್ರು ಇದ್ದಿದ್ರೆ ಸಂಜೆಗೂ ರೊಟ್ಟಿ ಮಾಡ್ಬಹುದಿತ್ತು, ಅಲ್ದಾ?" ಎಂದಳು.

ಹಿಟ್ಟು ನಾದಲು ಕಣ್ಣು ಯಾಕೆ ಬೇಕು? ಸಂಜೆಯೂ ಊಟ ಹಾಕಿದರೆ ಇಬ್ಬರನ್ನೂ ಇಟ್ಟುಕೊಳ್ಳಬಹುದು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಇದು ನಿನ್ನೆಯೇ ಹೊಳೆಯಬಾರದಿತ್ತೇ!

ಸೆರಗು ಸಿಕ್ಕಿಸಿಕೊಂಡು ಓಣಿಗೆ ಓಡಿದೆ. ಲೋಕಮ್ಮ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ನನ್ನ ಹೆಜ್ಜೆ ಗುರುತಿಸಿ ಮುಖ ತಿರುಗಿಸಿದಳು.

"ತಪ್ಪಾತು ಲೋಕಮ್ಮ. ಆ ಹುಡುಗಿ ರೊಟ್ಟಿ ಬಡೀಲಿ, ನೀನು ಹಿಟ್ಟು ನಾದು. ಬಾರವ್ವ" ಎಂದೆ.

"ಹಿಂಗೆ ಮರ್ಯಾದಿಯಿಂದ ಕರೆದ್ರೆ ನಾ ಬರಾದಿಲ್ಲ. ನಾನೇನು ನಿನ್ನ ಗಿರಾಕಿಯೇನು?"

ಬೈಯಲು ಬಾಯಿ ತೆರೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಬೈಗುಳ ಬರಲಿಲ್ಲ, ಅಳು ಬಂತು. ಓಣಿಯ ಹೆಂಗಸರು ಹೊರಗೆ ಬಂದು ನಿಂತರು. ಮೂಗು ಒರೆಸಿಕೊಂಡು ಕಿರುಚಿದೆ.

"ಏ ಸೋಮಾರಿ! ಹೊತ್ತು ಇಳಿಯಾಕೆ ಬಂತು, ಮಾರಾಣಿ ಹಂಗೆ ಕುಂತೀಯಲ್ಲೇ! ಹಿಟ್ಟು ನಿಮ್ಮಪ್ಪ ಬಂದು ನಾದ್ತಾನೇನು?"

ಲೋಕಮ್ಮ ಎದ್ದಳು. "ಅಷ್ಟು ಜೋರಾಗಿ ಕೂಗಬ್ಯಾಡ. ನಾನು ಕುರುಡಿ ಆಗೀನಿ, ಕಿವುಡಿ ಆಗಿಲ್ಲ" ಎನ್ನುತ್ತಾ ಕಾಲಿನಿಂದ ಚಪ್ಪಲಿ ತಡಕಾಡಿದಳು. ಬಗ್ಗಿ ನಾನೇ ಅದನ್ನು ಅವಳ ಪಾದದ ಹತ್ತಿರ ಸರಿಸಿದೆ.

ಆ ಸಂಜೆಯೇ ಒಲೆ ಮತ್ತೆ ಹಚ್ಚಿದೆವು. ಲೋಕಮ್ಮ ನಾದಿದಳು, ಶಾಲಿನಿ ಬಡಿದಳು. ಒಲೆ ಆರಿಸುವಾಗ ನಾನು ನೆಲ ನೋಡಿ, "ಮತ್ತೆ ಹಿಟ್ಟು ಚೆಲ್ಲೀಯಲ್ಲೇ! ನಾಳಿಂದ ಬರಬ್ಯಾಡ ಹೋಗು!" ಎಂದೆ.

"ಆತು ಬಿಡು ನೀಲವ್ವ, ಬೆಳಿಗ್ಗೆ ಬರ್ತೀನಿ."

ಶಾಲಿನಿಯ ಮುಖ ಬಿಳುಚಿತು. "ಅಕ್ಕಾ... ನಾನು?" ಎಂದಳು.

"ನೀನೂ ಬರಬ್ಯಾಡ!"

ಲೋಕಮ್ಮ ಹಿಟ್ಟಿನ ಕೈಯಲ್ಲೇ ಅವಳ ಭುಜ ಹುಡುಕಿ ಹಿಡಿದುಕೊಂಡಳು. "ಹೆದರಬ್ಯಾಡ ತಂಗಿ" ಎಂದಳು. "ನೀನೂ ಇಲ್ಲಿಯವಳೇ ಆದೆ."