ಸೆಕ್ರೆಟ್ರಿ ಮನೆಯ ಒಂದು ವೋಟು

ಆ ಕಟ್ಟಡದಲ್ಲಿ ಹದಿನಾರು ಮನೆ. ಹದಿನಾರಕ್ಕೂ ಒಬ್ಬರೇ ಸೆಕ್ರೆಟ್ರಿ, ಹನ್ನೊಂದು ವರ್ಷದಿಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಮನುಷ್ಯ. ಲಿಫ್ಟ್ ನಿಂತರೆ ಅವರೇ ಓಡಬೇಕು, ಮೆಟ್ಟಿಲ ದೀಪ ಹೋದರೆ ಅವರೇ ಸ್ಟೂಲು ಹಾಕಬೇಕು, ಕಾರು ನಿಲ್ಲಿಸುವ ಜಾಗಕ್ಕೆ ಇಬ್ಬರು ಕಾಲು ಕೆರೆದುಕೊಂಡು ನಿಂತರೆ ನಡುವೆ ಹೋಗಿ ನಿಲ್ಲುವವರೂ ಅವರೇ. ಸಂಬಳವಿಲ್ಲ. ಬೈಗುಳ ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತಿತ್ತು.

ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ಇಂಥ ಗಂಡನನ್ನು ನೋಡಿಯೇ ಕಟ್ಟಿರಬೇಕು ಎಂದು ಅವರ ಹೆಂಡತಿ ಎಷ್ಟೋ ಸಲ ಅಂದುಕೊಂಡದ್ದುಂಟು. ಆಕೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕೆಲಸ ಬಿಟ್ಟ ದಿನ, ಇನ್ನು ಗಂಟೆ ಕೇಳುವ ಕರ್ಮ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟರು. ಎಲ್ಲಿಯ ಮುಗಿಯುವುದು, ಮನೆಯ ಇಂಟರ್‌ಕಾಮ್ ಶುರುವಾಯಿತು. "ಸಾರ್ ಇಲ್ವಾ ಅಮ್ಮ? ಹಾಗಾದ್ರೆ ನೀವೇ ಬರ್ಕೊಳ್ಳಿ, ನಮ್ಮ ಬಚ್ಚಲಲ್ಲಿ ನೀರು ಹೋಗ್ತಿಲ್ಲ." ಹೀಗೆ ಬರೆದೂ ಬರೆದೂ ಹದಿನಾರು ಮನೆಯ ಬಚ್ಚಲ ಜಾತಕವೂ ಆಕೆಗೆ ಬಾಯಿಪಾಠವಾಗಿತ್ತು.

ಅದನ್ನಾದರೂ ಸಹಿಸಿಕೊಂಡಾರು. ಸಹಿಸಲಾಗದ್ದು ಒಂದೇ, ತಾರಸಿಯ ಮೇಲಿನ ಕಬ್ಬಿಣದ ಏಣಿ. ನೀರಿನ ಟ್ಯಾಂಕಿನ ವಾಲ್ವ್ ವಾರಕ್ಕೆರಡು ಸಲ ಸಿಕ್ಕಿಕೊಳ್ಳುತ್ತಿತ್ತು. ಅರವತ್ತೊಂಬತ್ತರ ಗಂಡ ಪ್ಯಾಂಟಿನ ಕಾಲು ಮಡಿಸಿಕೊಂಡು ಹತ್ತಿ, ಒಳಗೆ ಕೈ ಹಾಕಿ ಅದನ್ನು ಅಲ್ಲಾಡಿಸಿ ಇಳಿಯುತ್ತಿದ್ದರು. ಹೋದ ವರ್ಷ ಜಾರಿ ಬಿದ್ದು ಮೊಣಕೈ ಮುರಿದುಕೊಂಡರು. ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದ ಮರುದಿನವೇ ಮತ್ತೆ ಏಣಿ. ಅವರು ಮೇಲೆ ಹೋದಾಗೆಲ್ಲ ಆಕೆ ಅಡುಗೆಮನೆಯ ಕಿಟಕಿಗೆ ಕಿವಿ ಕೊಟ್ಟು ನಿಂತುಬಿಡುವರು. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಗೊತ್ತಾಗುತ್ತಿರಲಿಲ್ಲ.

"ಬೇರೆ ಯಾರಾದ್ರೂ ಹತ್ತಲಿ ರೀ" ಅಂದರೆ, "ಬೇರೆಯವರಿಗೆ ಆ ವಾಲ್ವಿನ ನಾಡಿ ಗೊತ್ತಿಲ್ಲ" ಎನ್ನುವರು.

ಕಟ್ಟಡಗಳನ್ನು ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ, ಒಂದಕ್ಕೆ ವಹಿಸಿಬಿಡೋಣ ಎಂದು ಮಾತು ತೆಗೆದವರು ಮೊದಲನೇ ಮಹಡಿಯ ವಕೀಲರು. ಕಂಪನಿಯಿಂದ ಏಜೆಂಟಾಗಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಎರಡು ದಿನ ಮೂಲೆಮೂಲೆ ಸುತ್ತಿ ಪೈಪುಗಳ ಫೋಟೋ ಹಿಡಿದರು, ಮನೆಪತ್ರಗಳ ನಕಲು ಇಸಕೊಂಡರು. ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸುವಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿತು.

"ಸಾರ್ ಒಬ್ಬರೇ ಮಾಡ್ತಿದ್ದ ಕೆಲಸಕ್ಕೆ ನಾವು ನಾಲ್ಕು ಜನರನ್ನ ಕಳಿಸ್ತೀವಿ" ಎಂದರು ಏಜೆಂಟ್. ಅದು ಹೊಗಳಿಕೆ. ಸೆಕ್ರೆಟ್ರಿಗೆ ಮಾತ್ರ ಚುಚ್ಚಿದಂತಾಯಿತು.

ಒಂದು ಮನೆಗೆ ವರ್ಷದಿಂದ ಬೀಗ. ಉಳಿದ ಹದಿನೈದರಲ್ಲಿ ಕಂಪನಿ ಬೇಕೆಂದು ಏಳು ಕೈ ಎದ್ದವು. ಬೇಡವೆಂದು ಎಂಟು, ಎಂಟನೆಯದು ಸೆಕ್ರೆಟ್ರಿಯದೇ. ಏಜೆಂಟ್ ಕೈಯಲ್ಲಿದ್ದ ಪಟ್ಟಿ ನೋಡಿ ಗಂಟಲು ಸರಿಮಾಡಿಕೊಂಡರು.

"ಬೇಜಾರು ಮಾಡ್ಕೋಬೇಡಿ ಸಾರ್. ಮನೆ ಯಾರ ಹೆಸರಲ್ಲಿದೆಯೋ ಅವರು ಕೈ ಎತ್ತಬೇಕು. ನಿಮ್ಮ ಮನೆ ಮೇಡಂ ಒಬ್ಬರ ಹೆಸರಲ್ಲಿದೆ. ನಿಮ್ಮ ನಿಯಮದ ಪ್ರಕಾರ ಸೆಕ್ರೆಟ್ರಿ ಆಗೋಕೂ ಮಾಲೀಕರೇ ಆಗಿರಬೇಕು."

ನಿಜವೇ. ಆಕೆ ಎಕ್ಸ್‌ಚೇಂಜಿನಲ್ಲಿ ದುಡಿದು ಕೂಡಿಟ್ಟದ್ದರಲ್ಲಿ ಕೊಂಡ ಮನೆ. "ನಿನ್ನ ಬೆವರು, ನಿನ್ನ ಹೆಸರೇ ಇರಲಿ" ಎಂದು ಹಟ ಹಿಡಿದು ಪತ್ರ ಮಾಡಿಸಿದವರೇ ಗಂಡ. ಆಮೇಲೆ ಮರೆತರು. ಆಕೆಯೂ ಮರೆತರು. ಎಲ್ಲರ ಬಾಯಲ್ಲೂ ಅದು ಸೆಕ್ರೆಟ್ರಿ ಮನೆ ಆಗಿಹೋಗಿತ್ತು, ಪತ್ರ ಬಿಚ್ಚಿ ನೋಡುವ ಪುರಸೊತ್ತು ಯಾರಿಗಿತ್ತು?

"ಅಂದ್ರೆ ಹನ್ನೊಂದು ವರ್ಷ ನಮ್ಮನ್ನ ಆಳಿದ್ದು ಒಬ್ಬ ಬಾಡಿಗೆದಾರ" ಎಂದರು ವಕೀಲರು. ಎಲ್ಲರೂ ನಕ್ಕರು. ಸೆಕ್ರೆಟ್ರಿಯೂ ನಕ್ಕು ಹೆಂಡತಿಯತ್ತ ತಿರುಗಿ, "ಅದಕ್ಕೇನಂತೆ, ನೀನೇ ಎತ್ತು" ಅಂದರು. ಒಂದು ಲೋಟ ನೀರು ಕೊಡು ಅಂದಷ್ಟು ಸಲೀಸಾಗಿ.

ಆಕೆಗೆ ಅತ್ತ ದರಿ ಇತ್ತ ಪುಲಿ. ಬೇಡವೆಂದರೆ, ಸೆಕ್ರೆಟ್ರಿ ಪಟ್ಟ ಯಾರ ಹೆಸರಲ್ಲಿದ್ದರೂ, ನಾಳೆಯೂ ಅದೇ ಏಣಿ. ಬೇಕೆಂದರೆ, ಈ ಮನುಷ್ಯ ಬೆಳಗಾಗೆದ್ದು ಚಪ್ಪಲಿ ಮೆಟ್ಟುವುದಕ್ಕೆ ಇದ್ದ ಒಂದೇ ಕಾರಣವನ್ನು ಎಲ್ಲರೆದುರು ಕಿತ್ತುಕೊಂಡಂತೆ. ಡಿಪೋ ಬಿಟ್ಟ ಹೊಸತರಲ್ಲಿ ಅವರು ಕಿಟಕಿಯಲ್ಲಿ ಕೂತು, ರಸ್ತೆಯ ಬಸ್ಸಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದರು. ಕೇಳುವವರಿಲ್ಲದೆ ಕೊನೆಗೆ ಅದನ್ನೂ ಬಿಟ್ಟು ಸುಮ್ಮನಾಗಿದ್ದರು. ಆ ಮೌನ ಮತ್ತೆ ಮನೆ ಹೊಕ್ಕರೆ ಏನು ಗತಿ ಎಂದು ಆಕೆಗೆ ನಿಜಕ್ಕೂ ಹೆದರಿಕೆಯಾಯಿತು.

"ಬೇಡ ಅಂತೀರಾ ಮೇಡಂ?" ಏಜೆಂಟ್ ಕೇಳಿದರು. ಆಕೆಯ ಕೈ ತೊಡೆಯ ಮೇಲೇ ಇತ್ತು.

"ಬೇಕು ಅಂತೀರಾ?"

ಆಕೆ ಕೈ ಎತ್ತಿದರು.

ಸೆಕ್ರೆಟ್ರಿ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಹೋದರು. ಮನೆಯಲ್ಲಿ ಒಂದೇ ಮಾತು: "ಎಲ್ಲರ ಮುಂದೆ ನೀನೇ ಕೈ ಕೊಟ್ಟೆಯಲ್ಲ."

"ಹನ್ನೊಂದು ವರ್ಷ ನನ್ನ ಬದಲು ನೀವೇ ಎತ್ತಿದ್ರಿ. ಇದೊಂದ್ಸಲ ನಾನೇ ಎತ್ತಿದೆ. ನನಗೆ ನೀವು ಬೇಕು ರೀ, ನೀರು ಬರದಿದ್ರೂ ಪರವಾಗಿಲ್ಲ."

ಐದು ದಿನ ಮಾತಿಲ್ಲ. ಊಟಕ್ಕೆ ಉಪ್ಪು ಬೇಕಾದರೂ ತಾವೇ ಎದ್ದು ಹೋಗಿ ತಂದುಕೊಂಡರು. ತಪ್ಪು ಮಾಡಿದೆನೇನೋ ಎಂದು ಆಕೆ ಒಳಗೊಳಗೇ ಬೆಂದರು.

ಆರನೇ ದಿನ ಏಜೆಂಟ್ ಪ್ಲಂಬರನ್ನು ಕರೆದುಕೊಂಡು ಬಂದು, "ಟ್ಯಾಂಕ್ ತೋರಿಸ್ತೀರಾ ಸಾರ್?" ಎಂದರು. ಸೆಕ್ರೆಟ್ರಿ ಮುಖ ಗಂಟುಹಾಕಿಕೊಂಡೇ ಹೊರಟರು. ಹೆಂಡತಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಹಿಂದೆಯೇ ಹೋಗಿ ತಾರಸಿಯ ಬಾಗಿಲ ಮರೆಯಲ್ಲಿ ನಿಂತರು.

ಅಭ್ಯಾಸಬಲ, ಅವರ ಒಂದು ಕಾಲು ಆಗಲೇ ಏಣಿಯ ಮೇಲಿತ್ತು.

"ಅವನು ಹತ್ತಲಿ ಸಾರ್. ನೀವು ಕೆಳಗಿಂದ ಹೇಳ್ಕೊಡಿ. ನಿಮ್ಮಷ್ಟು ನಮಗೆ ಗೊತ್ತಿಲ್ಲ."

ಸೆಕ್ರೆಟ್ರಿ ಕಾಲು ಕೆಳಗಿಟ್ಟರು. ಪ್ಲಂಬರ್ ಹತ್ತತೊಡಗಿದ.

"ನಿಧಾನ ಕಣಪ್ಪ. ಆರನೇ ಮೆಟ್ಟಿಲ ಬಲಗಡೆ ಕಾಲಿಡಬೇಡ, ತಿರುಗುತ್ತೆ. ನಾನು ಮೂರು ಸಲ ಬಿದ್ದಿದ್ದು ಅಲ್ಲೇ."

"ಮೂರು ಸಲನಾ? ಮನೇಲಿ ಸುಮ್ನಿದ್ರಾ ಸಾರ್?"

"ಎರಡು ಸಲದ್ದು ಮನೇಲಿ ಗೊತ್ತಿಲ್ಲ. ಪ್ರತೀ ಸಲ ಹತ್ತುವಾಗಲೂ ಕೈಕಾಲು ನಡುಗೋದು. ನನ್ನಿಂದ ಆಗಲ್ಲ ಅಂತ ಯಾರಿಗೆ ಹೇಳ್ಲಿ?"

ಬಾಗಿಲ ಮರೆಯಲ್ಲಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದರು. ಕಣ್ಣೀರು ಬೆರಳ ಸಂದಿಯಲ್ಲಿ ಇಳಿಯಿತು. ಅಷ್ಟರಲ್ಲಿ ಸೆಕ್ರೆಟ್ರಿ ಯಾಕೋ ಹಿಂದಿರುಗಿ ನೋಡಿದರು, ಅವರ ಮುಖ ಬಿಳಿಚಿಕೊಂಡಿತು.

"ನೀನ್ಯಾವಾಗ ಬಂದೆ?"

"ಈಗ ತಾನೇ ಬಂದೆ ರೀ" ಅಂದರು ಆಕೆ.